ಗಾಳಿಗೆ ಕೊಟ್ಟ ಮಗಳು

ಮೆರ್ತೋನಾದ ಗಂಡಸರು ಕಾಫಿ ಅಂಗಡಿಯಲ್ಲಿ ಕೂತು ಇಡೀ ಗ್ರೀಸ್ ದೇಶವನ್ನೇ ಆಳುತ್ತಾರೆ. ಆದರೆ ಹೊಲ ಮನೆಯ ಮಾತು ಬಂತೋ, ಬಾಯಿ ಮುಚ್ಚಿಕೊಂಡು ಎದ್ದು ಹೋಗುತ್ತಾರೆ. ಆ ದ್ವೀಪದ ಪದ್ಧತಿಯೇ ಹಾಗೆ. ತಾಯಿಯ ಆಸ್ತಿ ಇಡಿಯಾಗಿ ಹಿರಿಮಗಳಿಗೆ, ತಂದೆಯದು ಹಿರಿಮಗನಿಗೆ. ಉಳಿದವರು ಹಡಗು ಹತ್ತಬೇಕು, ಇಲ್ಲವೇ ಆಸ್ತಿ ಇರುವ ಹುಡುಗಿಯನ್ನು ನೋಡಿಕೊಳ್ಳಬೇಕು. ತಾಯಿಯ ಪಾಲು ಪಡೆಯುವ ಹಿರಿಮಗಳನ್ನು ಅಲ್ಲಿ ಕನಕಾರಾ ಅನ್ನುತ್ತಾರೆ. ಹಬ್ಬದ ದಿನ ಅವಳ ಎದೆಯ ತುಂಬ ಚಿನ್ನದ ನಾಣ್ಯದ ಸರಗಳು ತೂಗುತ್ತವೆ, ಅವಳು ನಡೆದು ಬಂದರೆ ಕಣ್ಣು ಮುಚ್ಚಿಕೊಂಡಿದ್ದರೂ ಗೊತ್ತಾಗುತ್ತದೆ.

ಸೆವಸ್ತಿ ಅಂಥ ಕನಕಾರಾ. ಅವಳ ತಾಯಿಯಿಂದ ಬಂದದ್ದು ಚರ್ಚಿನ ಕೆಳಗಿನ ಮನೆ ಮತ್ತು ಊರಿನ ನೆತ್ತಿಯ ಮೇಲಿನ ಅನೆಮೂಸಾ ದಿಣ್ಣೆ. ದಿಣ್ಣೆಯ ಮೇಲೆ ಬಾರ್ಲಿಯ ಹೊಲ, ಕಲ್ಲು ಹಾಸಿದ ಕಣ, ಸುಗ್ಗಿಯಲ್ಲಿ ಹೆಂಗಸರು ಉಳಿದುಕೊಳ್ಳುವ ಒಂದು ಕೊಟ್ಟಿಗೆಮನೆ, ಸಂತ ಮರೀನಾಳ ಪುಟ್ಟ ಗುಡಿ. ಗುಡಿಯೊಳಗಿನ ಪೆಟ್ಟಿಗೆಯಲ್ಲಿ ತಾಯಿಯ ಎಲುಬುಗಳಿದ್ದವು. ಹೂತ ಕೆಲವು ವರ್ಷಗಳ ಮೇಲೆ, ಅಲ್ಲಿಯ ಪದ್ಧತಿಯಂತೆ ಗೋರಿ ತೆಗೆಸಿದ ದಿನ, ಅವನ್ನು ವೈನಿನಲ್ಲಿ ತೊಳೆದು ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟವಳು ಸೆವಸ್ತಿಯೇ. ಅವಳು ಹುಟ್ಟಿದ್ದೂ ಆ ಕಣದಲ್ಲೇ, ಸುಗ್ಗಿಯ ನಡುವೆ. ಮುಂದೆ ಇದು ಮಗಳು ಪೋಪಿಗೆ, ಆಮೇಲೆ ಪೋಪಿಯ ಮಗಳಿಗೆ. ಇದರಲ್ಲಿ ಯೋಚಿಸುವಂಥದ್ದು ಏನಾದರೂ ಇದೆ ಎಂದು ಅವಳಿಗೆ ಯಾವತ್ತೂ ಅನಿಸಿರಲಿಲ್ಲ.

ಗಂಡ ಮಿನಾಸ್ ಎರಡನೆಯ ಮಗ. ಮದುವೆಯ ದಿನ ಅವನು ತಂದದ್ದು ಒಂದು ಪೆಟ್ಟಿಗೆ ಬಟ್ಟೆ, ಒಂದು ಒಳ್ಳೆಯ ಮೀಸೆ. ಮೀಸೆಯನ್ನು ಚೆನ್ನಾಗಿ ನೋಡಿಕೊಂಡ, ಮಾತನ್ನು ಇನ್ನೂ ಚೆನ್ನಾಗಿ ಬೆಳೆಸಿದ, ಕೊನೆಗೆ ಊರಿನ ಅಧ್ಯಕ್ಷನಾದ. ಅಧ್ಯಕ್ಷನಾದ ಮರುವರ್ಷವೇ ಅಥೆನ್ಸಿನ ಒಂದು ಕಂಪನಿಯವರು ಬಂದು ದಿಣ್ಣೆಯ ಕೆಳಗೆ ನಿಂತು ಟೋಪಿ ಹಿಡಿದುಕೊಂಡು ಮೇಲೆ ನೋಡಿದರು. ಅವರಿಗೆ ಗಾಳಿ ಬೇಕಿತ್ತು. ಅನೆಮೂಸಾದಲ್ಲಿ ಗಾಳಿ ಇಲ್ಲದ ದಿನವನ್ನು ಜನ ಕಾಯಿಲೆಯ ದಿನ ಅನ್ನುತ್ತಾರೆ. ಅಲ್ಲಿ ಕರೆಂಟು ತೆಗೆಯುವ ಗಾಳಿಯಂತ್ರ ನಿಲ್ಲಿಸುತ್ತೇವೆ, ದಾರಿ ಕಡಿಯುತ್ತೇವೆ, ಊರಿಗೆ ಡಾಕ್ಟರನ್ನು ತರಿಸುತ್ತೇವೆ ಎಂದರು. ಮಿನಾಸ್ ಕಾಫಿ ಅಂಗಡಿಯಲ್ಲಿ ಎಲ್ಲರೆದುರು ಎದ್ದು ನಿಂತು, ದಿಣ್ಣೆ ಕೊಟ್ಟೆ ಎಂದುಬಿಟ್ಟ. ತನ್ನದಲ್ಲದ್ದನ್ನು ಕೊಡುವಾಗ ಮನುಷ್ಯನಿಗೆ ಎಂಥ ಧಾರಾಳ ಬರುತ್ತದೆ ನೋಡಿ.

ಮನೆಗೆ ಬಂದು ಹೇಳಿದಾಗ ಸೆವಸ್ತಿ ಹಿಟ್ಟು ನಾದುತ್ತಿದ್ದಳು.

"ದಾರಿ ಎಲ್ಲಿ ಬರುತ್ತೆ?" ಎಂದು ಕೇಳಿದಳು.

"ಕಣದ ಮೇಲೆ. ಗುಡಿ ಸ್ವಲ್ಪ ಪಕ್ಕಕ್ಕೆ ಸರಿಸ್ತಾರಂತೆ, ಹೊಸದೇ ಕಟ್ಟಿಸಿಕೊಡ್ತಾರೆ."

"ಅಮ್ಮನ್ನೂ ಸರಿಸ್ತಾರಾ?"

"ಎಲುಬು ಕಣೇ ಅದು, ಸೆವಸ್ತಿ."

"ನಿಮ್ಮಮ್ಮಂದು ಸರಿಸ್ಕೋ ಹೋಗು," ಎಂದು ಅವಳು ಹಿಟ್ಟಿನ ಮುದ್ದೆಯನ್ನು ಮರದ ಹಲಗೆಯ ಮೇಲೆ ಕುಕ್ಕಿದಳು. ಅಲ್ಲಿಗೆ ಆ ಮಾತು ಮುಗಿಯಿತು ಎಂದುಕೊಂಡಳು. ಅವಳಿಗೆ ಗಂಡನ ಮೇಲೆ ಸಿಟ್ಟೂ ಉಳಿಯಲಿಲ್ಲ. ಆಸೆಪಟ್ಟ, ಕೇಳಿದ, ಇಲ್ಲ ಎಂದೆ, ಗಂಡಹೆಂಡಿರ ನಡುವೆ ಇದು ಇದ್ದದ್ದೇ ಎಂದು ಬಿಟ್ಟುಬಿಟ್ಟಳು.

ಬೇಸಿಗೆಯಲ್ಲಿ ಒಳ್ಳೆಯ ಸುದ್ದಿ ಬಂತು. ಪೋಪಿ ರೋಡ್ಸಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದಳು. ಅವಳಿಗೆ ಒಬ್ಬ ಹುಡುಗ ಒಪ್ಪಿಗೆಯಾಗಿದ್ದಾನೆ ಎಂದು ಮಿನಾಸ್ ಹೇಳಿದ. ಯಾರು ಅಂದರೆ ಸ್ಟಮಾತಿಸ್, ವಾರಕ್ಕೆರಡು ಸಲ ಬರುವ ಹಡಗಿನ ಅಧಿಕಾರಿ. ಸೆವಸ್ತಿಗೆ ಅವನ ಮುಖ ಗೊತ್ತಿತ್ತು. ಹೋದ ಚಳಿಗಾಲದಲ್ಲಿ ಅಲೆಗೆ ಹಡಗು ಹೊಯ್ದಾಡುವಾಗ ಅವಳ ತೋಳು ಹಿಡಿದು ಇಳಿಸಿ, ಚೀಸಿನ ಬುಟ್ಟಿಯನ್ನು ತಾನೇ ಹೊತ್ತು ತಂದು ದಡದಲ್ಲಿಟ್ಟಿದ್ದ. ಅಂಥ ಹುಡುಗನನ್ನು ಅಳಿಯ ಅನ್ನಲು ಯಾವ ತಾಯಿಗೆ ಬೇಡ? ಅವಳು ಕೂಡಲೇ ಮಗಳಿಗೆ ಫೋನ್ ಮಾಡಿದಳು.

"ನಿಂಗೆ ಇಷ್ಟಾನಾ ಕೂಸೇ? ನಿಜ ಹೇಳು."

"ಹ್ಞೂಂ ಅಮ್ಮ. ನಿಂಗೂ ಗೊತ್ತಲ್ಲ ಅವನು. ಎತ್ತರ ಇದಾನೆ."

"ಎತ್ತರ ಇದಾನಂತೆ! ತಾಳೆಮರಾನೂ ಎತ್ತರ ಇರುತ್ತೆ. ಮಾತು ಗೀತು ಚೆನ್ನಾಗಿ ಆಡ್ತಾನಾ?"

"ಆಡ್ತಾನೆ ಬಿಡಮ್ಮ," ಎಂದು ಪೋಪಿ ಫೋನಿಟ್ಟಳು. ನಾಚಿಕೆ ಪಾಪ, ಎಂದುಕೊಂಡಳು ತಾಯಿ.

ದೃಷ್ಟಿ ತಗಲುತ್ತದೆ, ನಿಶ್ಚಿತಾರ್ಥದ ದಿನದವರೆಗೆ ಯಾರಿಗೂ ಹೇಳಬೇಡ ಎಂದ ಮಿನಾಸ್. ಅದೂ ಪದ್ಧತಿಯೇ, ಅವಳು ತುಟಿ ಬಿಚ್ಚಲಿಲ್ಲ. ಹುಡುಗನಿಗೆ ರಜೆ ಇಲ್ಲ, ಅವನ ತಂದೆತಾಯಿ ದೂರದ ವೋಲೋಸಿನವರು, ಮದುವೆಗೇ ಬರುತ್ತಾರೆ ಎಂದ. ಅದಕ್ಕೂ ಹೂಂಗುಟ್ಟಿದಳು. ಒಂದು ದಿನ ಮಾತ್ರ ತಡೆಯಲಾರದೆ ಬಂದರಿಗೆ ಇಳಿದು, ದೂರದಿಂದಲೇ ಹಡಗಿನ ಮೇಲಿದ್ದ ಸ್ಟಮಾತಿಸನಿಗೆ ಕೈ ಬೀಸಿದಳು. ಅವನೂ ಬೀಸಿದ. ಹಡಗಿನವರು ದಡದ ಮೇಲಿರುವ ಕತ್ತೆಗೂ ಕೈ ಬೀಸುತ್ತಾರೆ ಎಂಬುದು ಆ ಹೊತ್ತಿಗೆ ಅವಳಿಗೆ ಹೊಳೆಯಲಿಲ್ಲ. ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಬೆಟ್ಟ ಹತ್ತಿ ಬಂದಳು.

ನಿಶ್ಚಿತಾರ್ಥದ ದಿನ ಉತ್ತರದ ಗಾಳಿ ಎದ್ದಿತು. ಆಗಸ್ಟ್ ತಿಂಗಳಲ್ಲಿ ಅದೇನೂ ಹೊಸದಲ್ಲ. ಹಡಗುಗಳನ್ನೆಲ್ಲ ರೋಡ್ಸಿನಲ್ಲೇ ಕಟ್ಟಿಹಾಕಿದ್ದಾರೆ, ಹುಡುಗ ಬರುವಂತಿಲ್ಲ ಎಂದು ಸುದ್ದಿ ಬಂತು. ಪೋಪಿ ಮೊದಲೇ ಬಂದಿದ್ದಳು. ಒಲೆಯಲ್ಲಿ ಅಕ್ಕಿ ತುಂಬಿದ ಮೇಕೆ ಬೇಯುತ್ತಿತ್ತು, ಲೀರಾ ಬಾರಿಸುವವರು ಅಂಗಳದಲ್ಲಿ ತಂತಿ ಬಿಗಿಯುತ್ತಿದ್ದರು, ಹಿಂದಿನ ಹಡಗಿಗೇ ಪಟ್ಟಣದಿಂದ ನೋಟರಿ ಬಂದು ಕೂತಿದ್ದ. ಆ ಊರಲ್ಲಿ ಹುಡುಗ ಉಂಗುರ ತೊಡಿಸುವ ಮೊದಲು ತಾಯಿ ತನ್ನ ಪಾಲಿನ ಕೆಲಸ ಮುಗಿಸಬೇಕು. ದೇವರ ಪಟಗಳ ಮುಂದೆ, ಪಾದ್ರಿಯ ಎದುರಿಗೆ, ಮನೆಯನ್ನೂ ಹೊಲವನ್ನೂ ಮಗಳ ಹೆಸರಿಗೆ ಮಾಡಿ ಬೀಗದ ಕೈ ಅವಳ ಅಂಗೈಯಲ್ಲಿಡಬೇಕು. ಆಮೇಲೆ ತಂದೆತಾಯಿ ಅದೇ ಅಂಗಳದ ಮೂಲೆಯ ಅಡುಗೆಕೋಣೆಗೆ ಹೋಗಿರುತ್ತಾರೆ.

ಮಿನಾಸ್ ಅವಳನ್ನು ಪಕ್ಕಕ್ಕೆ ಕರೆದ. "ಗಾಳಿ ನಿಂತ ದಿನ ಹುಡುಗ ಬಂದು ಉಂಗುರ ಹಾಕ್ತಾನೆ. ನೋಟರಿ ಮತ್ತೆ ಮತ್ತೆ ಬರಲ್ಲ. ನಿನ್ನ ಕಡೇದು ಇವತ್ತೇ ಮುಗಿಸಿಬಿಡು."

"ಹುಡುಗನೇ ಇಲ್ದೇನೇ?"

"ಊರೆಲ್ಲ ಕೂತಿದೆ ಕಣೇ. ಈಗ ಬೀಗದ ಕೈ ಮಡಿಲಲ್ಲಿ ಬಚ್ಚಿಟ್ಕೊಂಡ್ರೆ ಹುಡುಗೀಲಿ ಏನೋ ಐಬಿದೆ ಅಂತಾರೆ."

ಅದು ನಿಜ. ಆ ದಿನ ಕೈ ಹಿಂದೆಗೆದ ತಾಯಿಯ ಮಗಳ ಬಗ್ಗೆ ಮೆರ್ತೋನಾದವರು ಮೂರು ತಲೆಮಾರು ಮಾತಾಡುತ್ತಾರೆ. ಸೆವಸ್ತಿ ಸಹಿ ಹಾಕಿದಳು. ಹಾಕುವಾಗ ಸಂಕಟವಾಗಲಿಲ್ಲ, ಖುಷಿಯಾಯಿತು. ತನ್ನ ತಾಯಿ ತನಗೆ ಕೊಟ್ಟಂತೆಯೇ ಬೀಗದ ಕೈಗೆ ಮುತ್ತಿಟ್ಟು ಮಗಳ ಕೈಗಿತ್ತಳು. ನಾಣ್ಯದ ಸರಗಳ ಭಾರಕ್ಕೆ ಬಗ್ಗಿದ್ದ ಪೋಪಿ ತಲೆ ಎತ್ತಲಿಲ್ಲ. ಪಕ್ಕದ ಮನೆಯ ರಿಗೋಪೂಲಾ, ನಾಲಿಗೆಯಲ್ಲಿ ಮೂಳೆಯಿಲ್ಲದ ಹೆಂಗಸು, "ನಮ್ಮ ಸೆವಸ್ತಿ ಇವತ್ತಿಂದ ಬಾಡಿಗೆದಾರಳು!" ಎಂದು ಕೂಗಿದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಸೆವಸ್ತಿಯೇ.

ಕೆಲವು ದಿನಗಳ ಮೇಲೆ ಗಾಳಿ ತಗ್ಗಿತು. ಹಡಗು ಬರುತ್ತದೆ ಎಂದು ತಿಳಿದದ್ದೇ ಸೆವಸ್ತಿ ಕಸೂತಿಯ ಲಂಗ ತೊಟ್ಟು, ತಲೆಗೆ ಹೂವಿನ ವಸ್ತ್ರ ಕಟ್ಟಿ, ಜೇನು ಸುರಿದ ಎಳ್ಳುಂಡೆಗಳ ತಟ್ಟೆ ಹಿಡಿದು ಬಂದರಿಗೆ ಹೊರಟಳು. ಅಳಿಯನಿಗೆ ಮೊದಲ ಸಿಹಿ ಅತ್ತೆಯ ಕೈಯಿಂದಲೇ ಆಗಬೇಕು. ಮಿನಾಸ್ ಬೆಳಗಿನಿಂದ ಮನೆಯಲ್ಲಿರಲಿಲ್ಲ. "ಅಮ್ಮ, ಬೇಡ, ಅವನೇ ಮೇಲೆ ಬರ್ತಾನೆ," ಎಂದು ಪೋಪಿ ಬಾಗಿಲಿಗೆ ಅಡ್ಡ ನಿಂತಳು. "ಸುಮ್ನಿರೇ, ನಿಂಗೇನ್ ಗೊತ್ತು ಪದ್ಧತಿ," ಎಂದು ಸೆವಸ್ತಿ ಅವಳನ್ನು ಸರಿಸಿ ಇಳಿದಳು. ರಿಗೋಪೂಲಾ ಮತ್ತು ನಾಲ್ಕಾರು ಹೆಂಗಸರು ಅವಳ ಹಿಂದೆ ಹೊರಟರು.

ಹಡಗಿನ ಬಾಗಿಲು ದಡಕ್ಕೆ ಮಗುಚಿತು. ಸ್ಟಮಾತಿಸ್ ಅಲ್ಲೇ ನಿಂತು ಸೀಟಿ ಊದುತ್ತ ಲಾರಿಗಳನ್ನು ಇಳಿಸುತ್ತಿದ್ದ. ಸೆವಸ್ತಿ ನೇರವಾಗಿ ಅವನ ಮುಂದೆ ಹೋಗಿ ತಟ್ಟೆ ಚಾಚಿದಳು.

"ಬಾ ಅಳಿಯಾ. ಗಾಳಿ ನಿನ್ನ ಬಿಟ್ಟಿತಾ ಕೊನೆಗೂ?"

ಅವನು ಸೀಟಿಯನ್ನು ಬಾಯಿಂದ ತೆಗೆದ. ಹಿಂದೆ ತಿರುಗಿ ನೋಡಿದ, ಬೇರೆ ಯಾರಿಗೋ ಹೇಳಿದ್ದಿರಬೇಕು ಎನ್ನುವಂತೆ. "ಯಾರಮ್ಮ ಅಳಿಯ?"

"ನೀನಲ್ದೆ ಇನ್ಯಾರಪ್ಪ? ಪೋಪಿ ಮೇಲೆ ಕಾಯ್ತಿದಾಳೆ."

"ಯಾವ ಪೋಪಿ? ಹೋಟೆಲಿನ ಪೋಪಿನಾ?" ಅವನ ಮುಖ ಕೆಂಪಾಯಿತು. "ನಂಗೆ ಮದುವೆ ಆಗಿದೆಯಮ್ಮ, ಒಂದು ಮಗೂನೂ ಇದೆ. ಪೋಪಿ ನನ್ನ ಹೆಂಡತಿ ಜತೆಗೇ ಕೆಲಸ ಮಾಡೋದು. ಭಾನುವಾರ ಅಂದ್ರೆ ನಮ್ಮನೇಲೇ ಊಟ ಅವಳು. ಅವಳಿಗೆ ಗೊತ್ತಿಲ್ವಾ?"

ಸೆವಸ್ತಿ ತಟ್ಟೆ ಹಿಡಿದು ನಿಂತೇ ಇದ್ದಳು. ಅವಳ ಪಕ್ಕದಿಂದಲೇ ಕಬ್ಬಿಣದ ಕಂಬಗಳನ್ನು ಹೊತ್ತ ಲಾರಿಗಳು ಒಂದರ ಹಿಂದೊಂದು ಇಳಿದವು. ಮೊದಲನೆಯ ಲಾರಿಯ ಚಾಲಕ ತಲೆ ಹೊರಗೆ ಹಾಕಿ, "ಅನೆಮೂಸಾಕ್ಕೆ ದಾರಿ ಯಾವ್ದಮ್ಮ?" ಎಂದು ಅವಳನ್ನೇ ಕೇಳಿದ. ರಿಗೋಪೂಲಾ ಕೂಡ ಸುಮ್ಮನಿದ್ದಳು ಎಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ನಾಚಿಕೆಯಿಂದ ಸೆವಸ್ತಿಯ ಕಿವಿ ಸುಡುತ್ತಿತ್ತು. ಆದರೆ ಅವಳ ಎದೆಯೊಳಗೆ ಇಳಿದದ್ದು ಆ ನಾಚಿಕೆಯಲ್ಲ. ಭಾನುವಾರದ ಊಟದ ಆ ಮಾತು. ಮಗಳಿಗೆ ಗೊತ್ತಿತ್ತು.

ಬೆಟ್ಟ ಹತ್ತಿ ಮನೆಗೆ ಬಂದಾಗ ಮಿನಾಸ್ ಮೇಜಿಗೆ ಕೂತು ಎಣ್ಣೆಯಲ್ಲಿ ಬೇಯಿಸಿದ ಹುರುಳಿಕಾಯಿಗೆ ರೊಟ್ಟಿ ಅದ್ದುತ್ತಿದ್ದ. ಅವಳ ಕೈಯಲ್ಲಿದ್ದ ತಟ್ಟೆ ನೋಡಿ ಎಲ್ಲ ತಿಳಿದವನಂತೆ ರೊಟ್ಟಿಯ ಚೂರು ಕೆಳಗಿಟ್ಟ.

"ಬಂದರಿಗೆ ಹೋಗು ಅಂತ ನಿಂಗೆ ಹೇಳಿದ್ಯಾರು? ನಿಧಾನಕ್ಕೆ ನಾನೇ ಹೇಳ್ತಿದ್ದೆ."

"ಹೇಳು. ನಿಧಾನಕ್ಕೇ ಹೇಳು. ನಾನೇನೂ ಎಲ್ಲಿಗೂ ಹೋಗಲ್ಲ, ಬಾಡಿಗೆದಾರಳು."

"ಊರೆಲ್ಲ ಕಾಯ್ತಾ ಕೂತಿತ್ತು ಕಣೇ, ನಿನ್ನೊಬ್ಬಳ ಹಟಕ್ಕೆ. ಶಾಲೆ ಮುಚ್ಚಿತು. ನಂಗೆ ಎದೆನೋವು ಬಂದಾಗ ಡಾಕ್ಟರ್ ಸಿಗೋಕೆ ಎಷ್ಟು ಹೊತ್ತಾಯ್ತು, ಮರ್ತೋಯ್ತಾ? ಮಾತು ಕೊಟ್ಟಿದ್ದೆ ನಾನು. ಅಧ್ಯಕ್ಷ ಆದ್ರೂ ಈ ಊರಲ್ಲಿ ನಾನು ಸೆವಸ್ತಿ ಗಂಡನೇ. ಒಂದ್ಸಲ, ಒಂದೇ ಒಂದ್ಸಲ, ನನ್ನ ಮಾತು ನಡೀಬಾರ್ದಾ?"

"ನಡೀತಲ್ಲ." ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ಶಾಲೇಲಿ ನಮಗೆಲ್ಲ ಓದಿಸಿದ್ರು, ನೆನಪಿದೆಯಾ ಮಿನಾಸ್? ಹಡಗು ಹೊರಡೋಕೆ ಗಾಳಿ ಬೇಕು ಅಂತ, ಮದುವೆ ಮಾಡ್ತೀನಿ ಅಂತ ಸುಳ್ಳು ಹೇಳಿ ಮಗಳನ್ನ ಕರೆಸಿ, ದೇವಿಗೆ ಬಲಿ ಅಂತ ಕತ್ತು ಕುಯ್ದ ರಾಜ. ಇದೇ ಸಮುದ್ರ. ಅವನಿಗಾದ್ರೂ ಗಾಳಿ ಇರ್ಲಿಲ್ಲ. ನಿಂಗೆ ಗಾಳೀನೇ ನೆಪ ಆಯ್ತು."

"ಅಯ್ಯೋ, ಇಲ್ಲಿ ಯಾರ ಕತ್ತು ಕುಯ್ದಿದಾರೆ ಮಾರಾಯ್ತಿ? ಹುಡುಗಿ ಗುಂಡುಕಲ್ಲಿನ ಹಾಗೆ ಅಲ್ಲೇ ನಿಂತಿದಾಳೆ ನೋಡು!"

ಪೋಪಿ ಕಿಟಕಿಯ ಬಳಿ ನಿಂತಿದ್ದಳು. ಅತ್ತು ಕಣ್ಣು ಊದಿತ್ತು. ಸೆವಸ್ತಿ ಅವಳತ್ತ ತಿರುಗಿ, ಅಪ್ಪ ಹೆದರಿಸಿದ, ಬಲವಂತ ಮಾಡಿದ, ನನಗೆ ಬೇರೆ ದಾರಿ ಇರಲಿಲ್ಲ ಎಂಬ ಮಾತು ಬರಲಿ ಎಂದು ಕಾದಳು. ಅಷ್ಟು ಬಂದಿದ್ದರೆ ಸಾಕಿತ್ತು. ಗಂಡ ಮೋಸ ಮಾಡಿದ್ದನ್ನು ಅವಳು ಒಂದಲ್ಲ ಒಂದು ದಿನ ನುಂಗಿಕೊಳ್ಳುತ್ತಿದ್ದಳು, ಎಷ್ಟೋ ಹೆಂಗಸರು ನುಂಗಿಕೊಂಡಿದ್ದಾರೆ.

"ಅಪ್ಪ ಬಲವಂತ ಮಾಡ್ಲಿಲ್ಲಮ್ಮ," ಎಂದಳು ಪೋಪಿ. "ನಾನೇ ಒಪ್ಪಿದೆ. ಸ್ಟಮಾತಿಸ್ ಹೆಸರು ಹೇಳು, ಅಮ್ಮಂಗೆ ಅವನು ಅಂದ್ರೆ ಇಷ್ಟ ಅಂತ ಹೇಳಿದ್ದೂ ನಾನೇ. ಕಾಫಿ ಅಂಗಡಿಯ ಗಂಡಸ್ರೆಲ್ಲ ನನ್ನೇ ನೋಡ್ತಿದ್ರಮ್ಮ. ಊರು ಉಳಿಯೋದು ನಿನ್ನ ಕೈಲಿದೆ ಅಂದ್ರು. ನಂಗೆ ಹೆಮ್ಮೆ ಆಯ್ತು. ನನ್ನಿಂದ ಒಂದು ಊರು ಉಳಿಯುತ್ತೆ ಅಂದ್ರೆ..."

"ಫೋನಲ್ಲಿ ಎತ್ತರ ಇದಾನೆ ಅಂದ್ಯಲ್ಲೇ."

"ಕೇಳಿದ್ರೆ ನೀನು ಕೊಡ್ತಿದ್ಯಾ?"

"ನೀನು ಕೇಳಿದ್ಯಾ?"

ಪೋಪಿ ಕಿಟಕಿಯತ್ತ ತಿರುಗಿದಳು.

"ನಿಮ್ಮಪ್ಪ ಕೇಳಿದ, ಇಲ್ಲ ಅಂದೆ. ಅವನು ಹೊರಗಿನಿಂದ ಬಂದವನು. ನೀನು ಕೇಳಿದ್ಯಾ? ಒಂದು ದಿನ ಬಂದು ನನ್ನ ಪಕ್ಕ ಕೂತು, ಅಮ್ಮಾ, ನಂಗೆ ಆ ದಿಣ್ಣೆ ಬೇಡ, ಊರಿಗೆ ಕೊಟ್ಬಿಡ್ತೀನಿ, ಏನಂತೀಯ ಅಂದ್ಯಾ? ಬೈತಿದ್ದೆ. ಒಂದು ವಾರ ಮಾತು ಬಿಡ್ತಿದ್ದೆ. ಆಮೇಲೆ ನಾನೇ ಮೇಲೆ ಹೋಗಿ ನಿಮ್ಮಜ್ಜೀನ ಬಗಲಲ್ಲಿ ಎತ್ಕೊಂಡು ಇಳಿದು ಬರ್ತಿದ್ದೆ ಕಣೇ." ಹಾಗೆ ಮಾಡುತ್ತಿದ್ದೆನೇ ಎಂದು ಅವಳಿಗೂ ಖಾತ್ರಿಯಿರಲಿಲ್ಲ. ಆದರೆ ಅದನ್ನು ತಿಳಿಯುವ ಅವಕಾಶವನ್ನೇ ಮಗಳು ಅವಳಿಂದ ಕಸಿದುಕೊಂಡಿದ್ದಳು.

ಸಂಜೆ ಅದೇ ಹಡಗು ರೋಡ್ಸಿಗೆ ಮರಳುವಾಗ ಮಿನಾಸನೂ ಪೋಪಿಯೂ ಅದರಲ್ಲಿ ಹೋದರು. ಲಾರಿ ಬಂದಿದ್ದರೂ ಕಾಗದ ಬಾಕಿಯಿತ್ತು, ಅಲ್ಲಿ ಕಂಪನಿಯವರ ಮುಂದೆ ಪೋಪಿ ದಿಣ್ಣೆಯನ್ನು ಬರೆದುಕೊಡಬೇಕಿತ್ತು. "ಮುಂದಿನ ಹಡಗಿಗೆ ಬಂದ್ಬಿಡ್ತೀವಿ. ಅಷ್ಟರಲ್ಲಿ ನಿನ್ನ ಸಿಟ್ಟೂ ಇಳಿದಿರುತ್ತೆ," ಎಂದು ಮಿನಾಸ್ ಬಾಗಿಲಲ್ಲಿ ನಿಂತು ಹೇಳಿದ. ಸೆವಸ್ತಿ ಎಳ್ಳುಂಡೆಗಳನ್ನು ಕೋಳಿಗಳಿಗೆ ಹಾಕುತ್ತಿದ್ದಳು, ತಿರುಗಿ ನೋಡಲಿಲ್ಲ.

ಮುಂದಿನ ಹಡಗು ಬರುವ ಹಿಂದಿನ ದಿನ ಬೆಳಿಗ್ಗೆ ಅವಳು ಪೆಟ್ಟಿಗೆ ತೆರೆದಳು. ತಾಯಿ ಸತ್ತಾಗ ತೊಟ್ಟ ಕಪ್ಪು ಅಂಗಿ, ಕಪ್ಪು ತಲೆವಸ್ತ್ರ ತಳದಲ್ಲಿದ್ದವು. ಯಾರಿಗೂ ಏನೂ ತೋರಿಸಬೇಕೆಂದಿರಲಿಲ್ಲ. ಬಣ್ಣದ ಬಟ್ಟೆಗೆ ಕೈ ಹಾಕಿದಳು, ತೊಡಲು ಮನಸ್ಸು ಬರಲಿಲ್ಲ, ಅಷ್ಟೆ. ಕಪ್ಪು ತೊಟ್ಟು ನೀರು ತರಲು ಹೊರಗೆ ಬಂದಳು.

ಮೆರ್ತೋನಾದಲ್ಲಿ ಕಪ್ಪು ತೊಟ್ಟ ಹೆಂಗಸನ್ನು ಯಾರು ಸತ್ತರು ಎಂದು ಕೇಳುವುದಿಲ್ಲ. ಕೇಳಿದರೆ ಸತ್ತವರಿಗೆ ಅವಮಾನ, ಊರಿಗೆ ಗೊತ್ತಿರಲೇಬೇಕು. ರಿಗೋಪೂಲಾ ಗೋಡೆಯಾಚೆಯಿಂದ ನೋಡಿದಳು. ಗಂಡ ರೋಡ್ಸಿಗೆ ಹೋಗಿದ್ದಾನೆ, ಅವನಿಗೆ ಎದೆಯ ತೊಂದರೆ, ಹೆಂಡತಿ ಕಪ್ಪು ತೊಟ್ಟಿದ್ದಾಳೆ. ಅವಳು ಎದೆ ಬಡಿದುಕೊಳ್ಳುತ್ತ ಪಾದ್ರಿಯ ಬಳಿಗೆ ಓಡಿದಳು. ಸ್ವಲ್ಪ ಹೊತ್ತಿಗೆ ಗಂಟೆ ಸಾವಿನ ಲಯದಲ್ಲಿ ಬಡಿಯಿತು. ಕಾಫಿ ಅಂಗಡಿಯವನು ಟೀವಿ ಆರಿಸಿದ. ಹೆಂಗಸರು ಒಣರೊಟ್ಟಿ, ಆಲಿವ್, ಸಕ್ಕರೆಯಿಲ್ಲದ ಕಾಫಿ ಹಿಡಿದು ಬಂದು ಸೆವಸ್ತಿಯ ಸುತ್ತ ಕೂತರು. ಒಬ್ಬಳು ಮಿನಾಸನ ಮೀಸೆಯ ಮೇಲೆಯೇ ಪದ ಕಟ್ಟಿ ಹಾಡಿ ಅತ್ತಳು. ಸತ್ತವನಿಗೆ ಫೋನ್ ಮಾಡಿ ವಿಚಾರಿಸುವುದು ಯಾರಿಗೂ ಹೊಳೆಯಲಿಲ್ಲ. ಪೋಪಿಗೆ ಯಾರೋ ಮಾಡಿದರು, ಅವಳು ಎತ್ತಲಿಲ್ಲ. ಪಾಪ, ಅಪ್ಪನ ಹೆಣ ಕಾಯುವ ಹುಡುಗಿ ಹೇಗೆ ಎತ್ತಾಳು ಎಂದು ಅವರೇ ಸಮಾಧಾನ ಮಾಡಿಕೊಂಡರು.

ಸೆವಸ್ತಿ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಮೊದಲು ಅವಳಿಗೆ ಗಾಬರಿಯಾಗಿತ್ತು. ಆಮೇಲೆ ಸುತ್ತಲಿನ ಅಳು ಕೇಳುತ್ತ ಕೇಳುತ್ತ ಎದೆ ಹಗುರಾಗತೊಡಗಿತು. ಅಷ್ಟು ದಿನ ಬಾರದಿದ್ದ ಕಣ್ಣೀರು ಬಂತು. ಅವಳು ಮನಸಾರೆ ಅತ್ತಳು, ಮತ್ತು ಆ ಅಳುವಿನಲ್ಲಿ ಸುಳ್ಳು ಒಂದು ಹನಿಯೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಹಡಗು ಬಂದಾಗ ಇಡೀ ಊರು ಬಂದರಿನಲ್ಲಿತ್ತು. ಪಾದ್ರಿ ಧೂಪ ಹಿಡಿದಿದ್ದ, ಗಟ್ಟಿಯಾದ ಗಂಡಸರು ಹೆಣದ ಪೆಟ್ಟಿಗೆಗೆ ಹೆಗಲು ಕೊಡಲು ಮುಂದೆ ನಿಂತಿದ್ದರು. ಹಡಗಿನ ಬಾಗಿಲು ಇಳಿಯಿತು. ಮಿನಾಸ್ ಹೊಸ ಕೋಟು ತೊಟ್ಟು, ಕೈಯಲ್ಲಿ ಸಿಹಿಯ ಡಬ್ಬಿ ಹಿಡಿದು ನಡೆದು ಬಂದ. ಅಷ್ಟು ಜನ ನೋಡಿ ಅವನ ಮುಖ ಅರಳಿತು. ದಿಣ್ಣೆ ಗೆದ್ದು ಬಂದ ಅಧ್ಯಕ್ಷನನ್ನು ಎದುರುಗೊಳ್ಳಲು ಊರೇ ಇಳಿದು ಬಂದಿದೆ ಎಂದುಕೊಂಡು ಕೈ ಎತ್ತಿ ಆಡಿಸಿದ.

ಒಬ್ಬ ಮುದುಕಿ ಕಿರುಚಿ ಕೆಳಗೆ ಕೂತಳು. ಗಂಡಸರು ಶಿಲುಬೆಯ ಗುರುತು ಮಾಡಿಕೊಂಡರು.

"ಏನ್ರಯ್ಯ ಇದು? ಯಾರು ಹೋಗಿದ್ದು?" ಎಂದ ಮಿನಾಸ್, ಕೈಯನ್ನು ಮೆಲ್ಲಗೆ ಇಳಿಸುತ್ತ.

"ನೀನೇ ಕಣಯ್ಯಾ!" ಎಂದಳು ರಿಗೋಪೂಲಾ. "ನಿನ್ನೆಯಿಂದ ಅಳ್ತಿದೀವಿ ನಿಂಗೆ!"

ಯಾರೋ ನಕ್ಕರು, ಆಮೇಲೆ ಇನ್ನೊಬ್ಬರು. ನಗು ಗುಂಪಿನಲ್ಲಿ ಹಬ್ಬುವಷ್ಟರಲ್ಲಿ ಮಿನಾಸನ ಕಣ್ಣಿಗೆ ಹೆಂಡತಿ ಬಿದ್ದಳು. ಅಡಿಯಿಂದ ಮುಡಿಯವರೆಗೆ ಕಪ್ಪು. ಎಲ್ಲರೂ ಅತ್ತಲೇ ತಿರುಗಿದರು, ನಗು ನಿಂತಿತು.

"ನಾನಿನ್ನೂ ಬದುಕಿದೀನಲ್ಲೇ ಸೆವಸ್ತಿ," ಎಂದ ಅವನು. "ಏನು ಆಟ ಇದು?"

"ನಿಂಗೆ ಅಂತ ಯಾರು ಹೇಳಿದ್ರು?" ಅವಳ ದನಿ ತಣ್ಣಗಿತ್ತು. "ನಿಂಗೋಸ್ಕರ ನಾನು ಹೂವಿನ ವಸ್ತ್ರ ಬಿಡ್ತೀನಾ ಮಿನಾಸ್? ನೀನು ಹೋದ ದಿನಾನೂ ಬಿಡಲ್ಲ." ಅವಳು ಅವನ ಹೆಗಲಿನಾಚೆ ನೋಡಿದಳು. ಅಲ್ಲಿ ಪೋಪಿ ಸೂಟ್‌ಕೇಸ್ ಹಿಡಿದು ನಿಂತಿದ್ದಳು. "ನಂಗೊಬ್ಬಳು ಮಗಳಿದ್ಲು. ಅವಳಿಗೆ ಹಾಕಿದೀನಿ."

"ಅಮ್ಮಾ," ಎಂದಳು ಪೋಪಿ. "ಇಲ್ಲೇ ಇದೀನಲ್ಲಮ್ಮ."

"ನನ್ನ ಮಗಳು ನಂಗೆ ಸುಳ್ಳು ಹೇಳ್ತಿರ್ಲಿಲ್ಲಮ್ಮ. ನೀನು ಯಾರೋ ಗೊತ್ತಿಲ್ಲ."

ಪಾದ್ರಿ ಏನು ಮಾಡಬೇಕೆಂದು ತಿಳಿಯದೆ ಧೂಪದ ಸರಪಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಆಗ ರಿಗೋಪೂಲಾ ಗುಂಪಿನಿಂದ ಹೊರಬಂದಳು. ಎಲ್ಲರೂ ಅವಳೇನೋ ಕುಹಕ ಆಡುತ್ತಾಳೆ ಎಂದುಕೊಂಡರು. ಅವಳು ಸೆವಸ್ತಿಯ ಕೈ ಹಿಡಿದು, ಎರಡೂ ಕೆನ್ನೆಗೆ ಮುತ್ತಿಟ್ಟು, ಸಾವಿನ ಮನೆಯಲ್ಲಿ ಹೇಳುವ ಮಾತನ್ನೇ ಹೇಳಿದಳು: "ಉಳಿದಿರೋ ನಿಂಗೆ ಆಯಸ್ಸು ಬರ್ಲಿ ಸೆವಸ್ತಿ. ಒಳ್ಳೆ ಹುಡುಗಿ ಆಗಿದ್ಲು."

ಅವಳ ಹಿಂದೆ ಇನ್ನೊಬ್ಬಳು ಬಂದಳು. ಆಮೇಲೆ ಊರಿನ ಹೆಂಗಸರೆಲ್ಲ ಸಾಲಾಗಿ ಬಂದು ಒಬ್ಬೊಬ್ಬರಾಗಿ ಸೆವಸ್ತಿಯ ಕೈ ಹಿಡಿದರು. ಪೋಪಿ ಅಲ್ಲೇ ನಿಂತು ಅದನ್ನೆಲ್ಲ ನೋಡುತ್ತಿದ್ದಳು. ಅವಳ ಮನೆಯ ಬೀಗದ ಕೈ ಅವಳ ಜೇಬಿನಲ್ಲೇ ಇತ್ತು, ಆದರೆ ಬೆಟ್ಟ ಹತ್ತಿ ಹೋಗಲು ಯಾರೂ ದಾರಿ ಬಿಡಲಿಲ್ಲ.